ಕನ್ಹೇರಿಗೆ ಹೋದವರು ತೊಟ್ಟಿಗಳನ್ನೂ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಮುಂಬಯಿ ಕನ್ನಡಿಗರ ಎಷ್ಟೋ ತಂಡಗಳು ಬೋರಿವಲಿಯ ಕನ್ಹೇರಿ ಗುಹೆಗಳಿಗೆ ಹೊರಡುತ್ತವೆ. 3ನೇ ಗುಹೆಯ ಚೈತ್ಯ (ಬೌದ್ಧರ ಪ್ರಾರ್ಥನಾ ಮಂದಿರ) ನೋಡಿ, ಫೋಟೊ ತೆಗೆದು, ಬುತ್ತಿ ಬಿಚ್ಚುವಷ್ಟಕ್ಕೆ ಹೆಚ್ಚಿನವರ ಪ್ರವಾಸ ಮುಗಿಯುತ್ತದೆ. ಸಾವಿರ ವರ್ಷ ಭಿಕ್ಷುಗಳು ಅಲ್ಲಿ ಬಾಳಿದ್ದು ಹೇಗೆಂದು ತಿಳಿಯಲು ಮೇಲಿನ ಸಾಲುಗಳಿಗೆ ಹತ್ತಲೇಬೇಕು.

ಇಲ್ಲಿ ಮಳೆ ನಾಲ್ಕು ತಿಂಗಳು. ಉಳಿದ ಎಂಟು ತಿಂಗಳಿಗೆ ಅದನ್ನೇ ಹಿಡಿದಿಡಬೇಕಿತ್ತು. ಗುಹೆಯ ನೆತ್ತಿಯ ಬಂಡೆಯಲ್ಲಿ ಕಿರುಗಾಲುವೆ ಕೊರೆದು ನೀರನ್ನು ಬಾಗಿಲ ಪಕ್ಕದ ತೊಟ್ಟಿಗೆ ಇಳಿಸಿದ್ದಾರೆ. ಶಾಸನಗಳಲ್ಲಿ ಅದರ ಹೆಸರು ‘ಪೋಢಿ’. ಬಾಯಿ ಕಿರಿದು, ಒಳಗೆ ಬಂಡೆಯಡಿ ವಿಶಾಲ. ಬಿಸಿಲು ತಾಗದ ಕಾರಣ ನೀರು ಆರುವುದೂ ಕಡಿಮೆ, ಪಾಚಿ ಕಟ್ಟುವುದೂ ಕಡಿಮೆ. ಪಕ್ಕದ ಕೋಣೆಯಲ್ಲಿ ಗೋಡೆಗಂಟಿದ ಕಲ್ಲಿನ ಮಂಚ, ಅಷ್ಟೇ. 11ನೇ ಗುಹೆಯಲ್ಲಿ ಮಾತ್ರ ಉದ್ದಕ್ಕೂ ಎರಡು ತಗ್ಗು ಜಗಲಿಗಳಿವೆ, ಸಂಘವೆಲ್ಲ ಪಂಕ್ತಿಯಲ್ಲಿ ಕೂರಲು.

ಈ ಕಾಲುವೆಗಳಲ್ಲಿ ಇಂದು ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ. ಅವಕ್ಕೆ ತರಗೆಲೆ ಸೇರಿದರೆ ದಾರಿ ಕಟ್ಟುತ್ತದೆ. ತೊಟ್ಟಿಗೆ ಹೋಗಬೇಕಾದ ನೀರು ಗುಹೆಯ ಮುಖದ ಮೇಲೆ ಸುರಿಯುತ್ತದೆ. ಕಲ್ಲು ಪದರ ಪದರವಾಗಿ ಏಳುತ್ತದೆ, ಶಾಸನದ ಅಕ್ಷರ ಅದರೊಂದಿಗೇ ಹೋಗುತ್ತದೆ.

ಆ ಅಕ್ಷರಗಳಲ್ಲಿ ನಮ್ಮ ದೊರೆಯ ಹೆಸರೂ ಇದೆ. ಕೊಂಕಣದ ಶಿಲಾಹಾರರು ಮಳಖೇಡದ ರಾಷ್ಟ್ರಕೂಟರ ಸಾಮಂತರಾಗಿದ್ದಾಗ, ಶಕ 765, 775, 799ರಲ್ಲಿ (ಕ್ರಿ.ಶ. ಒಂಬತ್ತನೇ ಶತಮಾನ) ಬರೆಸಿದ ಸಂಸ್ಕೃತ ಶಾಸನಗಳು ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಹೇಳುತ್ತವೆ. ಶಕ 775ರದ್ದರಲ್ಲಿ ಗೌಡದೇಶದಿಂದ (ಬಂಗಾಳದ ಕಡೆಯಿಂದ) ಬಂದ ಗೋಮಿನ್ (ಬೌದ್ಧ ಉಪಾಸಕ) ಅವಿಘ್ನಾಕರನು ಭಿಕ್ಷುಗಳ ಧ್ಯಾನಕ್ಕೆ ಕೋಣೆ ಕಟ್ಟಿಸಿ, ಅವರ ಬಟ್ಟೆಗೆಂದು 100 ದ್ರಮ್ಮ (ಆಗಿನ ನಾಣ್ಯ) ಇಟ್ಟ ವಿವರವಿದೆ. ಇಂಥ ದತ್ತಿಗೆ ಅಕ್ಷಯನೀವಿ ಎನ್ನುತ್ತಿದ್ದರು: ಮೂಲಧನ ಮುಟ್ಟುವಂತಿಲ್ಲ, ಖರ್ಚು ಬಡ್ಡಿಯಲ್ಲೇ. ಶಕ 765ರ ದತ್ತಿಯಲ್ಲಂತೂ ಪೂಜೆ, ದುರಸ್ತಿ, ಬಟ್ಟೆಯ ಜೊತೆಗೆ ಪುಸ್ತಕಕ್ಕೂ ಪಾಲಿದೆ. ಕವಿರಾಜಮಾರ್ಗ ಹುಟ್ಟಿದ ಆಳ್ವಿಕೆಯಲ್ಲೇ ಈ ಗುಡ್ಡದ ಮೇಲೆ ಪುಸ್ತಕಕ್ಕೆ ಹಣವಿಟ್ಟಿದ್ದರೆಂಬುದು ನಮ್ಮ ಮಕ್ಕಳಿಗೆ ಗೊತ್ತಾಗಬೇಡವೇ?

ಪ್ರವಾಸ ಏರ್ಪಡಿಸುವ ಸಂಘಗಳಲ್ಲಿ ವಿನಂತಿ: ಮಕ್ಕಳನ್ನು ಮೊದಲು ಮೇಲಕ್ಕೆ ಕರೆದೊಯ್ದು, ಒಂದು ಕಾಲುವೆಯ ಜಾಡು ಹಿಡಿದು ತೊಟ್ಟಿಯವರೆಗೆ ಇಳಿಸಿ. ಊಟವನ್ನು ಗುಹೆಗಳಿಂದ ದೂರ ಇಟ್ಟುಕೊಳ್ಳಿ, ಕಸ ತುಂಬಿ ವಾಪಸು ತರಲು ಚೀಲ ಒಯ್ಯಿರಿ. ಸೋಮವಾರ ಗುಹೆಗಳಿಗೆ ರಜೆ.

– ಓರ್ವ ಓದುಗ, ಬೋರಿವಲಿ, ಮುಂಬಯಿ