ಪ್ರಶ್ನೆ ನನ್ನನ್ನು ಕೇಳಿ

ಮಾನ್ಯ ಸಂಪಾದಕರೇ,

ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದಾಗಿನಿಂದ ನನಗೆ ಹಾಸಿಗೆಯಿಂದ ಏಳುವುದಕ್ಕೂ ಸ್ನಾನಕ್ಕೂ ಬಟ್ಟೆ ತೊಡುವುದಕ್ಕೂ ಇನ್ನೊಬ್ಬರ ಕೈ ಬೇಕು. ಇದುವರೆಗೆ ತಂಗಿ ನೋಡಿಕೊಂಡಳು. ಅವಳೀಗ ಕೆಲಸಕ್ಕೆ ಸೇರುತ್ತಿದ್ದಾಳೆ, ಹಾಗಾಗಿ ಸಂಬಳಕ್ಕೆ ಸಹಾಯಕಿಯೊಬ್ಬರನ್ನು ಹುಡುಕುತ್ತಿದ್ದೇವೆ. ಮನೆಗೆ ಬಂದ ಏಜೆನ್ಸಿಯವರು ‘ಪೇಷಂಟ್ ತೂಕ ಎಷ್ಟು? ಹಟ ಮಾಡ್ತಾರಾ?’ ಎಂದು ಎಲ್ಲವನ್ನೂ ತಂಗಿಯನ್ನೇ ಕೇಳಿದರು. ನಾನು ಎದುರಿಗೇ ಕೂತಿದ್ದೆ.

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿಯು ಸಮಾಜದ ನಡುವೆ ಸ್ವತಂತ್ರವಾಗಿ ಬದುಕುವ ಹಕ್ಕಿನ ಜೊತೆಗೆ ವೈಯಕ್ತಿಕ ಸಹಾಯವನ್ನೂ ಹೆಸರಿಸುತ್ತದೆ. ಸಹಾಯಕರನ್ನು ಆರಿಸುವುದು, ಅವರಿಗೆ ಕೆಲಸ ಕಲಿಸುವುದು ಸಹಾಯ ಪಡೆಯುವವರ ಕೈಯಲ್ಲೇ ಇರಬೇಕೆಂದು ಅದರ ಸಮಿತಿ 2017ರಲ್ಲಿ ವಿವರಿಸಿದೆ. ಹಾಗಾಗಿ ಕೆಲಸದ ಪಟ್ಟಿಯನ್ನು ನಾನೇ ಹೇಳಿ ಬರೆಸುತ್ತಿದ್ದೇನೆ.

‘ಸ್ನಾನಕ್ಕೆ ಸಹಾಯ’ ಎಂದಷ್ಟೇ ಬರೆದರೆ ಸಾಲದು. ನನ್ನ ಕಾಲಿಗೆ ನೀರಿನ ಬಿಸಿ ತಿಳಿಯುವುದಿಲ್ಲ, ಅವರೇ ಮೊದಲು ಮುಟ್ಟಿ ನೋಡಬೇಕು. ಗಾಲಿಕುರ್ಚಿಗೆ ದಾಟಿಸುವ ಮುಂಚೆ ಬ್ರೇಕ್ ಹಾಕಬೇಕು, ಕಂಕುಳಿಗೆ ಕೈಕೊಟ್ಟು ಎಳೆಯಬಾರದು. ಕೊಳವೆಯಿಂದ ಮೂತ್ರ ಇಳಿದು ತುಂಬುವ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಸೊಂಟದ ಹಿಂಭಾಗ, ಹಿಮ್ಮಡಿಗಳಲ್ಲಿ ಕೆಂಪು ಕಲೆ ಎದ್ದಿದೆಯೇ ಎಂದು ದಿನವೂ ನೋಡಬೇಕು, ಹಾಸಿಗೆ ಹುಣ್ಣು ಶುರುವಾಗುವುದೇ ಅಲ್ಲಿ.

ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದು ಇನ್ನೊಂದು. ಮೂತ್ರದ ಕೊಳವೆ ಮಡಚಿಕೊಂಡು ಮೂತ್ರಕೋಶ ತುಂಬಿದರೆ ನನ್ನಂಥವರಿಗೆ ರಕ್ತದೊತ್ತಡ ದಿಢೀರನೆ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ. ನೋಡಿದವರಿಗೆ ಮಲಗಿಸೋಣ ಅನ್ನಿಸುತ್ತದೆ. ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬಿಗಿಬಟ್ಟೆ ಸಡಿಲಿಸಿ, ಕೊಳವೆಯ ಮಡಿಕೆ ಬಿಡಿಸಬೇಕು. ಆದರೂ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ಪ್ರಾಣಕ್ಕೇ ಅಪಾಯ. ಇದನ್ನು ಏಜೆನ್ಸಿಯವರು ಕೇಳಲೇ ಇಲ್ಲ.

ಬರುವವರ ಹಿತವೂ ಆ ಹಾಳೆಯಲ್ಲಿದೆ: ಸಂಬಳದ ದಿನ, ವಾರದ ರಜೆ, ಅವರು ಬಾರದ ದಿನ ಯಾರನ್ನು ಕರೆಯಬೇಕು ಎಂಬುದು. ಮನೆಮಂದಿಯ ಬಟ್ಟೆ ಒಗೆಯುವುದು ಅವರ ಕೆಲಸವಲ್ಲ ಎಂದೂ ಬರೆಸಿದ್ದೇನೆ. ಕೂಲಿ ಕೊಟ್ಟೇ ಒಂದು ದಿನ ಜೊತೆಯಲ್ಲಿ ಕೆಲಸ ಮಾಡಿ ನೋಡುತ್ತೇವೆ. ಪ್ರಮಾಣಪತ್ರ ಇದ್ದರೆ ಒಳ್ಳೆಯದೇ. ಆದರೆ ಆ ದಿನ ನಾನು ಗಮನಿಸುವುದು, ನನ್ನ ಮೈ ಮುಟ್ಟುವ ಮುಂಚೆ ‘ಈಗ ಎಡಕ್ಕೆ ಹೊರಳಿಸ್ತೀನಿ’ ಎಂದು ಹೇಳುತ್ತಾರೋ ಇಲ್ಲವೋ ಎಂಬುದನ್ನು.

ಏಜೆನ್ಸಿಗಳಲ್ಲಿ ನನ್ನ ಕೋರಿಕೆ: ಮೊದಲ ಫೋನ್ ಕರೆಯಲ್ಲೇ ಸಹಾಯ ಬೇಕಾದವರ ಜೊತೆ ಮಾತಾಡಿ. ಮಾತು ಬಾರದವರಾದರೆ ಸನ್ನೆಗೋ ಅಕ್ಷರದ ಹಲಗೆಗೋ ಬೇಕಾದಷ್ಟು ಹೊತ್ತು ಕೊಡಿ. ಮನೆಯವರ ಮಾತನ್ನು ಆಮೇಲೆ ಕೇಳಿಕೊಳ್ಳಿ.

– ಗಾಲಿಕುರ್ಚಿ ಬಳಸುವ ಓದುಗಿ