ತಂದೆಯವರ ನಡಿಗೆಗೆ ದಾರಿ ಮಾಡಿಕೊಟ್ಟವರಿಗೆ

ಪಾರ್ಕಿನ್ಸನ್ ಕಾಯಿಲೆಯಿರುವ ನಮ್ಮ ತಂದೆಯವರು ಈಗ ಮಲಗುವ ಕೋಣೆಯಿಂದ ಬಚ್ಚಲುಮನೆಗೆ ರಾತ್ರಿಯ ಹೊತ್ತೂ ಯಾರ ಆಸರೆಯಿಲ್ಲದೆ ಹೋಗಿಬರುತ್ತಿದ್ದಾರೆ. ಮೈಸೂರಿನ ನಮ್ಮ ಹಳೆಯ ಮನೆಯನ್ನು ಅವರಿಗೆ ಒಗ್ಗುವಂತೆ ಮಾರ್ಪಡಿಸಲು ನೆರವಾದ ಎಲ್ಲರಿಗೂ ಕುಟುಂಬದ ಪರವಾಗಿ ಕೃತಜ್ಞತೆ ಸಲ್ಲಿಸುತ್ತೇನೆ.

ಮೊದಲ ವಂದನೆ, ಮನೆಗೇ ಬಂದು ನೋಡಿದ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ರೋಗಿಗಳು ತಾವೇ ಮಾಡಿಕೊಳ್ಳಲು ನೆರವಾಗುವ ತಜ್ಞರಿಗೆ. ಹಜಾರದಲ್ಲಿ ಸಲೀಸಾಗಿ ನಡೆಯುವ ತಂದೆಯವರ ಪಾದಗಳು ಬಾಗಿಲ ಬಳಿ, ತಿರುಗುವ ಮೂಲೆಯಲ್ಲಿ ನೆಲಕ್ಕೆ ಅಂಟಿದಂತೆ ನಿಂತುಬಿಡುವುದನ್ನು ಅವರು ಗಮನಿಸಿದರು. ಚಲನೆಗೆ ಬೇಕಾದ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಕೊರತೆಯಿಂದ ತಾನಾಗಿಯೇ ನಡೆಯುವ ರೂಢಿ ಕುಂದಿದರೂ, ಕಣ್ಣಿಗೊಂದು ಗುರುತು ಸಿಕ್ಕರೆ ಮಿದುಳು ಬೇರೆ ಮಾರ್ಗದಿಂದ ಹೆಜ್ಜೆ ಎತ್ತಿಸಬಲ್ಲದೆಂದು ತಾಳ್ಮೆಯಿಂದ ವಿವರಿಸಿದರು. ಈ ಉಪಾಯ ಎಲ್ಲರಿಗೂ ಒಂದೇ ಸಮ ಫಲಿಸದೆಂದೂ ಹೇಳಿದ್ದರು. ಕೆಂಪು ಕಾವಿ ನೆಲದ ಮೇಲೆ, ನಡೆಯುವ ದಾರಿಗೆ ಅಡ್ಡಲಾಗಿ, ಹೆಜ್ಜೆಗೊಂದರಂತೆ ಹಳದಿ ಪಟ್ಟಿ ಅಂಟಿಸಿದೆವು. ನಿಂತುಬಿಟ್ಟಿದ್ದ ಬಲಪಾದದ ಹಿಮ್ಮಡಿ ಮೊದಲು, ಬಳಿಕ ಬೆರಳುಗಳು ನೆಲ ಬಿಟ್ಟೆದ್ದು ಪಟ್ಟಿಯನ್ನು ದಾಟಿದವು.

ಗಾರೆ ಮೇಸ್ತ್ರಿಯವರ ಋಣ ದೊಡ್ಡದು. ಒಳಬಾಗಿಲುಗಳ ಹೊಸ್ತಿಲು ತೆಗೆಸಲು ಒಪ್ಪಿದ ಅಮ್ಮ, ದಿನವೂ ಅರಿಸಿನ ಕುಂಕುಮವಿಟ್ಟು ಪೂಜಿಸುವ ತಲೆಬಾಗಿಲಿನ ಹೊಸ್ತಿಲನ್ನು ಮಾತ್ರ ಮುಟ್ಟಬಾರದೆಂದಾಗ, ಅವರು ಮರುಮಾತಾಡದೆ ಅದರ ಎರಡೂ ಬದಿಗೆ, ಒಂದು ಇಂಚು ಏರಿಗೆ ಒಂದು ಅಡಿ ಉದ್ದದ ಲೆಕ್ಕದಲ್ಲಿ, ಇಳಿಜಾರು ಕಟ್ಟಿಕೊಟ್ಟರು. ಬಚ್ಚಲಿಗೆ ಒದ್ದೆಯಾದರೂ ಜಾರದ, ಚಿತ್ತಾರವಿಲ್ಲದ ಟೈಲ್ಸ್ ಹಾಕಿದವರೂ ಅವರೇ.

ಬಚ್ಚಲ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸಿದ್ದು ಬಡಗಿಯವರು. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗಿ ಹೊರಗಿನವರು ಒಳಬರಲಾಗದೆ ಹೋಗಬಹುದೆಂಬುದು ಅವರಿಗೇ ಹೊಳೆದದ್ದು. ಅವರು ಮಾಡಿಕೊಟ್ಟ 18 ಇಂಚು ಎತ್ತರದ, ಗಟ್ಟಿ ಆಸನದ ಕುರ್ಚಿಯ ತೋಳುಗಳ ಮೇಲೆ ಕೈಯೂರಿ ತಂದೆಯವರು ತಾವೇ ಏಳುತ್ತಾರೆ. ಮೆತ್ತನೆಯ ಸೋಫಾದಿಂದ ಏಳಲು ಇಬ್ಬರು ಬೇಕಾಗುತ್ತಿತ್ತು. ಬಿಳಿ ಗೋಡೆಯ ಮೇಲೆ ಎದ್ದು ಕಾಣುವ ಗಾಢ ಬಣ್ಣದ ಹಿಡಿಕಂಬಿ ಕೂರಿಸಿದ ಪ್ಲಂಬರ್‌ಗೂ, ಮಂಚದಿಂದ ಬಚ್ಚಲವರೆಗೆ ಸಣ್ಣ ದೀಪ ಹಾಕಿದ ಎಲೆಕ್ಟ್ರಿಷಿಯನ್‌ಗೂ ಧನ್ಯವಾದಗಳು.

ಪಾರ್ಕಿನ್ಸನ್ ಕೂಡ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿದೆಯೆಂದು ತಿಳಿಸಿ, ಪ್ರಮಾಣಪತ್ರದ ಅರ್ಜಿಗೆ ಜೊತೆಯಾದ ನೆರೆಮನೆಯ ಮೇಷ್ಟ್ರಿಗೆ ನಮಸ್ಕಾರ. ತಂದೆಯವರ ಕಾಲು ನಿಂತಾಗ ಕೈ ಹಿಡಿದೆಳೆಯದೆ, ಅವಸರಿಸದೆ ಕಾಯುವುದನ್ನು ಕಲಿತ ಬಂಧುಗಳಿಗೆ ಎಷ್ಟು ವಂದಿಸಿದರೂ ಕಡಿಮೆಯೇ, ಏಕೆಂದರೆ ಗಾಬರಿಯಾದಷ್ಟೂ ಹೆಜ್ಜೆ ಇನ್ನಷ್ಟು ಕಟ್ಟಿಹಾಕಿದಂತಾಗುತ್ತದೆ.

ಇದೇ ಕಾಯಿಲೆಯವರು ಮನೆಯಲ್ಲಿರುವ ಪರಿಚಿತರು ಅಳತೆಗಳನ್ನು ನೋಡಲು ದಯವಿಟ್ಟು ಬನ್ನಿ. ಡೋಪಮೈನ್ ಕೊರತೆ ತುಂಬುವ ಬೆಳಗಿನ ಲೆವೊಡೋಪಾ ಮಾತ್ರೆ ಕೆಲಸ ಮಾಡತೊಡಗುವ ಒಂಬತ್ತರ ಸುಮಾರಿಗೆ ಬಂದರೆ ತಂದೆಯವರೇ ನಡೆದು ತೋರಿಸುತ್ತಾರೆ.