ಕೋಡಿ ಕಡಲತೀರದ ಸ್ವಚ್ಛತೆ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಈ ಭಾನುವಾರ ಬೆಳಿಗ್ಗೆ 6 ಗಂಟೆಗೆ ಕುಂದಾಪುರದ ಕೋಡಿ ಲೈಟ್‌ಹೌಸ್ ಬಳಿ ಎಲ್ಲರೂ ಸೇರಬೇಕಾಗಿ ವಿನಂತಿ. ಕಡಲಾಮೆಗಳು ಮೊಟ್ಟೆಯಿಡುವ ಕಾಲವಾದ್ದರಿಂದ, ಭರತದ ನೀರು ಮುಟ್ಟುವ ಗೆರೆಯ ಮೇಲಿನ ಒಣಮರಳಿನಲ್ಲಿ ಹಾರೆ, ಗುದ್ದಲಿ ಬಳಸದೆ ಕಸವನ್ನು ಕೈಯಿಂದಲೇ ಹೆಕ್ಕಬೇಕು. ಒಂದೊಂದು ಗೂಡಿನಲ್ಲಿ ಸುಮಾರು 100 ಮೊಟ್ಟೆಗಳಿರುತ್ತವೆ, ಅವು ಮರಿಯಾಗಲು 45ರಿಂದ 60 ದಿನ ಬೇಕು. ಆಮೆ ನೀರಿನಿಂದ ಮೇಲೇರಿ ಹಿಂದಿರುಗಿದ ಜಾಡು ಕಂಡರೆ ಅದನ್ನು ತುಳಿಯದೆ, ಸ್ಥಳದ ಫೋಟೊವನ್ನು ಎಲ್ಲಿಯೂ ಹಂಚದೆ, ನೇರವಾಗಿ ಅರಣ್ಯ ಇಲಾಖೆಗೆ ತಿಳಿಸಿ.

ಕಳೆದ ಬಾರಿ ಗಾಳಿಮರದ ಬುಡದಲ್ಲಿ ಅರ್ಧ ಹೂತಿದ್ದ ನೈಲಾನ್ ಬಲೆಯಲ್ಲಿ ಏಡಿಯೊಂದು ಜೀವಂತವಾಗಿ ಸಿಕ್ಕಿಕೊಂಡಿತ್ತು. ಬಿಡಿಸಲು ನಮ್ಮಲ್ಲಿ ಕತ್ತರಿ ಇರಲಿಲ್ಲ. ಈ ಸಲ ದಯವಿಟ್ಟು ತನ್ನಿ. ಬಲೆ, ಬಾಟಲಿ, ಚಪ್ಪಲಿಗಳನ್ನು ಬೇರೆಬೇರೆಯಾಗಿ ಎಣಿಸಿ ಬರೆದುಕೊಂಡ ಮೇಲೆಯೇ ಚೀಲ ಕಟ್ಟೋಣ.